ಮನೆಯಲ್ಲಿ ಮಾನಸಿಕ ತುರ್ತು ಪರಿಸ್ಥಿತಿ: 112ಕ್ಕೆ ಫೋನ್ ಮಾಡಿದರೆ ಪೊಲೀಸರು ಏನು ಮಾಡಬೇಕು? (ಕಾಸರಗೋಡು)

ವಾಚನಾಲಯ_ಮಂಜೇಶ್ವರ
ಗ್ರಾಮಸಭೆಯಲ್ಲಿ ಹಂಚಲು ಒಂದು ಪುಟದ ಕನ್ನಡ ಕರಪತ್ರ ತಯಾರು ಮಾಡ್ತಾ ಇದ್ದೇವೆ. ಯಾರಾದರೂ ಕತ್ತಿ ಹಿಡಿದು ಬಾಗಿಲು ಹಾಕಿಕೊಂಡು ಕೂತರೆ ಪೊಲೀಸರನ್ನು ಕರೆಯುವುದು ಸರಿಯಾ? ಠಾಣೆಯಲ್ಲಿ ಕೂರಿಸ್ತಾರಾ, ಕೇಸು ಬೀಳ್ತದಾ? ಬಂದವರಿಗೆ ಮಲಯಾಳ ಮಾತ್ರ ಗೊತ್ತಿದ್ದು ಮನೆಯವರು ತುಳು-ಕನ್ನಡದವರಾದರೆ ಏನು ದಾರಿ?

ಸೆಕ್ಷನ್_ನೂರು
ಇದು ಬಂಧನವೇ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಕಾಯಿಲೆಯಿಂದಾಗಿ ತನಗೋ ಇತರರಿಗೋ ಅಪಾಯ ತರಬಹುದಾದವರನ್ನು ಠಾಣಾಧಿಕಾರಿ ರಕ್ಷಣೆಗೆ ಪಡೆಯಬೇಕು. ಯಾಕೆ ಕರೆದೊಯ್ಯುತ್ತಿದ್ದೇವೆ ಎಂದು ಅವರಿಗೇ ಹೇಳಬೇಕು. ಅವರಿಗೆ ಅರ್ಥವಾಗುವ ಸ್ಥಿತಿ ಇಲ್ಲದಿದ್ದರೆ ಅವರ ನಾಮನಿರ್ದೇಶಿತ ಪ್ರತಿನಿಧಿಗೆ (ಚಿಕಿತ್ಸೆಯ ವಿಷಯದಲ್ಲಿ ಅವರ ಪರವಾಗಿ ನಿಲ್ಲಲು ಗೊತ್ತುಮಾಡಿದವರಿಗೆ) ಹೇಳಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಲಾಕಪ್ಪಿಗೆ ಯಾವ ಕಾರಣಕ್ಕೂ ಹಾಕುವಂತಿಲ್ಲ. ರಾತ್ರಿಯಾಯ್ತು, ಬೆಳಿಗ್ಗೆ ನೋಡುವ ಎಂಬ ಮಾತಿಗೂ ಅಲ್ಲಿ ಜಾಗ ಇಲ್ಲ. ಕೋಳ ಹಾಕುವುದು ಅಪರೂಪದ ಕ್ರಮವಾಗಿರಬೇಕೆಂದು ಸುಪ್ರೀಂ ಕೋರ್ಟ್ 1980ರಲ್ಲೇ, ಅದೂ ಕೈದಿಗಳ ಬಗ್ಗೆ ಹೇಳಿತ್ತು. ಇವರು ಕೈದಿಯೂ ಅಲ್ಲ.

ಸೆಕ್ಷನ್ನಿನಲ್ಲಿರುವುದು "ಹತ್ತಿರದ" ಎಂಬ ಮಾತು, "ಜಿಲ್ಲೆಯ ಒಳಗಿನ" ಅಂತಲ್ಲ. ಮಂಜೇಶ್ವರದ ಕಡೆಯವರಿಗೆ ಕಾಞಂಗಾಡಿನ ಜಿಲ್ಲಾಸ್ಪತ್ರೆಗಿಂತ ಮಂಗಳೂರಿನ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ ಹತ್ತಿರ. ಎಲ್ಲಿಗೆ ಒಯ್ಯುವುದೆಂದು ಠಾಣೆಯವರ ಹತ್ತಿರ ಮೊದಲೇ ಮಾತಾಡಿಡಿ, ಗಲಾಟೆಯ ನಡುವೆ ಆ ಚರ್ಚೆ ಬೇಡ.

ಬೀದಿಯಲ್ಲಿ ಅಲೆಯುವವರಾದರೆ ಕಾಣೆಯಾದವರ ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದ್ದೇ. ಮಂಗಳೂರು-ಶೊರ್ನೂರು ರೈಲು ದಾರಿಯ ನಮ್ಮ ಊರುಗಳಲ್ಲಿ ಇದು ಮುಖ್ಯ. ತಲಪಾಡಿಯ ರಾಜ್ಯ ಗಡಿ ದಾಟಿಸಿ ಬಿಟ್ಟು ಬಂದರೆ ಆ ಹೊಣೆ ಮುಗಿಯುವುದಿಲ್ಲ.

ನಿಧಾನ_ಸಾಕು
ಸ್ಥಳದಲ್ಲಿ ಹೆಚ್ಚಾಗಿ ಕೆಡುವುದು ಅವಸರದಿಂದ. ಸೈರನ್, ಮಿನುಗುವ ದೀಪ ದೂರದಲ್ಲೇ ಆರಿಸಬೇಕು. ನೆರೆಕರೆಯವರನ್ನು, ಮೊಬೈಲ್ ಹಿಡಿದವರನ್ನು ಮೊದಲು ಅಂಗಳದಿಂದ ಹೊರಗೆ ಕಳಿಸಬೇಕು. ಮಾತಾಡುವವರು ಒಬ್ಬರೇ. ಮೂರು ಜನ ಮೂರು ಆಜ್ಞೆ ಕೊಟ್ಟರೆ, ಮೊದಲೇ ತಲೆಯೊಳಗೆ ದನಿ ಕೇಳುತ್ತಿರುವವನಿಗೆ ಯಾವುದೂ ಹತ್ತುವುದಿಲ್ಲ. ಒಂದು ಚಿಕ್ಕ ವಾಕ್ಯ ಹೇಳಿ ಹತ್ತು ಸೆಕೆಂಡಾದರೂ ಕಾಯಬೇಕು. ಕನಿಷ್ಠ ಎರಡು-ಮೂರು ಮೀಟರ್ ಅಂತರ, ಕೈಯಲ್ಲಿ ಆಯುಧ ಇದ್ದರೆ ಇನ್ನೂ ಹೆಚ್ಚು, ನಡುವೆ ಮೇಜೋ ಕಟ್ಟೆಯೋ ಇದ್ದರೆ ಒಳ್ಳೆಯದು. ಅವರು ಹೊರಬರುವ ದಾರಿಗೆ ಅಡ್ಡ ನಿಲ್ಲಬಾರದು.

ಕತ್ತಿ ಅಂದಕೂಡಲೇ ದಾಳಿ ಎಂದುಕೊಳ್ಳುವುದೂ ತಪ್ಪು. ತೋಟದ ಮನೆಗಳಲ್ಲಿ ಕೈಗೆ ಮೊದಲು ಸಿಗುವುದೇ ಅದು, ಎಷ್ಟೋ ಸಲ ಹೆದರಿಕೆಗೆ ಹಿಡಿದದ್ದು. "ಕೆಳಗಿಡಿ, ನಾನು ಇಲ್ಲೇ ನಿಲ್ತೇನೆ" ಅಂದರೆ ಸಾಕು, ಕಿತ್ತುಕೊಳ್ಳಲು ನುಗ್ಗಬೇಡಿ. ಭ್ರಮೆಯ ಬಗ್ಗೆ ವಾದವೂ ಬೇಡ, ಹೌದೆನ್ನುವ ನಾಟಕವೂ ಬೇಡ. "ನನಗೆ ಅದು ಕೇಳಿಸ್ತಾ ಇಲ್ಲ, ನಿಮಗೆ ಕೇಳಿಸಿ ಹೆದರಿಕೆ ಆಗ್ತಿರಬೇಕು" ಅನ್ನುವುದು ಸುಳ್ಳೂ ಅಲ್ಲ, ಜಗಳವೂ ಅಲ್ಲ.

ಅಮೆರಿಕದ ಮೆಂಫಿಸ್‌ನಲ್ಲಿ 1988ರಲ್ಲಿ ಶುರುವಾದ ಮಾದರಿಯಲ್ಲಿ ಪೊಲೀಸರಿಗೆ 40 ಗಂಟೆಯ ತರಬೇತಿ ಕೊಡುತ್ತಾರೆ. ಇಲ್ಲಿ ಅಷ್ಟು ಆಗದಿದ್ದರೂ ಜನಮೈತ್ರಿ ಬೀಟ್‌ನವರಿಗೆ (ಮನೆಮನೆಗೆ ಬರುವ ಕೇರಳ ಪೊಲೀಸರಿಗೆ) ಒಂದು ದಿನದ್ದಾದರೂ ಬೇಕು.

ವಾರ್ಡ್_ನರ್ಸ್
ಹಿಡಿಯಲೇಬೇಕಾಗಿ ಬಂದರೆ ಕವುಚಿ ಮಲಗಿಸಿ ಬೆನ್ನ ಮೇಲೆ ಮೊಣಕಾಲು ಊರುವುದು ಅತ್ಯಂತ ಅಪಾಯದ ಕೆಲಸ. ಎದೆ ಹಿಗ್ಗದೆ ಉಸಿರು ಕಟ್ಟುತ್ತದೆ. ನೆಲಕ್ಕೆ ಬಿದ್ದರೂ ಕೂಡಲೇ ಮಗ್ಗುಲಿಗೆ ತಿರುಗಿಸಬೇಕು ಅಥವಾ ಕೂರಿಸಬೇಕು, ಒಬ್ಬರು ಉಸಿರನ್ನೇ ನೋಡುತ್ತಿರಬೇಕು. ಒದ್ದಾಡುತ್ತಿದ್ದವರು ಒಮ್ಮೆಲೇ ತಣ್ಣಗಾದರೆ "ಪಳಗಿದ" ಅಂದುಕೊಳ್ಳಬೇಡಿ, ಉಸಿರಿದೆಯಾ ನೋಡಿ. ಜೀಪಿನ ನೆಲದಲ್ಲಿ ಮಲಗಿಸಿ ಸಾಗಿಸಲೇಬಾರದು, 108 ಕರೆಸಿ.

ಇನ್ನೊಂದು, ಎಲ್ಲವೂ ಮನೋರೋಗ ಅಲ್ಲ. ದಿನವೂ ಕುಡಿಯುವವರು ನಿಲ್ಲಿಸಿದ ಎರಡರಿಂದ ನಾಲ್ಕು ದಿನದಲ್ಲಿ ಕೈನಡುಕ, ಬೆವರು, ಇಲ್ಲದ್ದು ಕಾಣುವುದು ಶುರುವಾದರೆ ಅದು ಪ್ರಾಣಕ್ಕೇ ಅಪಾಯ. ಮಧುಮೇಹದ ಔಷಧಿ ತೆಗೆದುಕೊಳ್ಳುವವರಲ್ಲಿ ಸಕ್ಕರೆ 70ಕ್ಕಿಂತ ಇಳಿದರೂ ಹೀಗೇ ಕೂಗಾಡಬಹುದು. ಮನೆಗೆ ಬಂದು ರೋಗಿಗಳನ್ನು ನೋಡುವ ಪ್ಯಾಲಿಯೇಟಿವ್ ನರ್ಸ್ ಹತ್ತಿರ ಗ್ಲೂಕೋಮೀಟರ್ ಇದ್ದರೆ ಒಂದು ನಿಮಿಷದ ಕೆಲಸ. ತಲೆಗೆ ಪೆಟ್ಟು, ವಯಸ್ಸಾದವರಲ್ಲಿ ಜ್ವರ, ಸೋಡಿಯಂ ಇಳಿಯುವುದು, ಇವೂ ಇವೆ.

"ಇಲ್ಲಿ ಮನೋವೈದ್ಯರಿಲ್ಲ" ಎಂದು ಸಣ್ಣ ಆಸ್ಪತ್ರೆಯಲ್ಲಿ ವಾಪಸು ಕಳಿಸಿದರೆ ಅದೇ 2017ರ ಕಾಯ್ದೆಯ 94ನೇ ಸೆಕ್ಷನ್ ಹೇಳಿ. ತುರ್ತಿನಲ್ಲಿ ಯಾವ ನೋಂದಾಯಿತ ವೈದ್ಯರೂ 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು.

ಸೆಕ್ಷನ್_ನೂರು
ನರ್ಸ್ ಹೇಳಿದ್ದಕ್ಕೆ ಸೇರಿಸುವುದಾದರೆ, ಎಣ್ಮಕಜೆ ಕಡೆ ಎಂಡೋಸಲ್ಫಾನ್ ಪೀಡಿತ ಮನೆಗಳಲ್ಲಿ ಬುದ್ಧಿಮಾಂದ್ಯ ಮಕ್ಕಳು, ಯುವಕರು ಇದ್ದಾರೆ. 2017ರ ಕಾಯ್ದೆಯ "ಮಾನಸಿಕ ಕಾಯಿಲೆ"ಯಲ್ಲಿ ಬುದ್ಧಿಮಾಂದ್ಯ ಸೇರುವುದಿಲ್ಲ, ಅವರಿಗಿರುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಆಜ್ಞೆ ಪಾಲಿಸಲಿಲ್ಲವೆಂದರೆ ಅದು ಧಿಕ್ಕಾರ ಅಲ್ಲ. ಬೀಟ್ ಪೊಲೀಸರಿಗೆ ಅಂಥ ಮನೆಗಳು, ಮನೆಯವರು ಒಪ್ಪಿದರೆ, ಮೊದಲೇ ಗೊತ್ತಿರಬೇಕು.

ವಾಚನಾಲಯ_ಮಂಜೇಶ್ವರ
ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಕೇಸು? ಮತ್ತೆ ಭಾಷೆಯದ್ದು?

ಸೆಕ್ಷನ್_ನೂರು
2017ರ ಕಾಯ್ದೆಯ 115ನೇ ಸೆಕ್ಷನ್ ಅವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲ. ಸರ್ಕಾರಿ ನೌಕರರನ್ನು ಒತ್ತಾಯಿಸಲೆಂದು ಮಾಡುವ ಯತ್ನ ಮಾತ್ರ (226) ಅಪರಾಧ. ಇನ್ನೊಬ್ಬರಿಗೆ ಗಾಯ ಮಾಡಿದ್ದರೆ ಅದು ಬೇರೆ ಲೆಕ್ಕ.

ನಿಧಾನ_ಸಾಕು
ಭಾಷೆಗೆ: ಪೊಲೀಸರು ತಾವೇ ಮಾತಾಡುವ ಹಟ ಬಿಟ್ಟು, ಆ ಮನುಷ್ಯ ನಂಬುವ ತುಳು-ಕನ್ನಡದ ಒಬ್ಬರನ್ನು ಹತ್ತಿರ ನಿಲ್ಲಿಸಿ, ಅವರ ಮೂಲಕವೇ ಮಾತಾಡಬೇಕು. ಯಾರೊಂದಿಗೆ ಜಗಳ ಶುರುವಾಯಿತೋ ಅವರು ಬೇಡ, ಅಪ್ಪನೇ ಆದರೂ. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಅಲ್ಲಿ ಕನ್ನಡ ಆರಿಸಬಹುದು.

112ಕ್ಕೆ ಹೇಳಬೇಕಾದದ್ದನ್ನು ಕರಪತ್ರದಲ್ಲಿ ಮಲಯಾಳದಲ್ಲೂ ಅಚ್ಚು ಹಾಕಿ: "ಇದು ಅಪರಾಧ ಅಲ್ಲ, ಮಾನಸಿಕ ಕಾಯಿಲೆ. ಕೈಯಲ್ಲಿ ಇಂಥದ್ದಿದೆ ಅಥವಾ ಏನೂ ಇಲ್ಲ. ಮನೆಯೊಳಗೆ ಇಷ್ಟು ಜನ. ಮಾತು ತುಳು, ಕನ್ನಡ. ಆಂಬ್ಯುಲೆನ್ಸ್ ಕೂಡ ಕಳಿಸಿ, ಸೈರನ್ ಬೇಡ." ಹಿಂಬದಿಯಲ್ಲಿ ಔಷಧಿಯ ಹೆಸರು, ಪ್ರಮಾಣ, ಕೊನೆಯ ಗುಳಿಗೆ ತಿಂದ ದಿನ, ನಾಮನಿರ್ದೇಶಿತ ಪ್ರತಿನಿಧಿಯ ಫೋನ್ ನಂಬರ್ ಬರೆಯಲು ಖಾಲಿ ಜಾಗ ಬಿಡಿ.