ಜಗಳಕ್ಕೊಂದು ಒಪ್ಪಂದ

"'ಹದಿನೈದು ದಿನಗಳೊಳಗೆ ಉತ್ತರಿಸದಿದ್ದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆಗಾರರು' ಎಂದು ನನಗೆ ಬರೆಸಿದ್ದೀರಲ್ಲ ಶೀನಣ್ಣ, ದಿನವೂ ಸಂಜೆ ಇಲ್ಲಿಯೇ ಸಿಗುತ್ತೇನೆಂದು ನಿಮ್ಮ ವಕೀಲರಿಗೆ ಹೇಳಿರಲಿಲ್ಲವೇ?" ಎಂದು ರಾಯರು ತಮ್ಮ ಮಾಡಿನ ನೀರಿನ ಬಗೆಗಿನ ನೋಟಿಸನ್ನು ಕಳುಹಿಸಿದವರ ಕೈಗೇ ಕೊಟ್ಟರು.

"ಈಗ ಲೀಗಲ್ ನೋಟಿಸು ಮದುವೆಯ ಕರೆಯೋಲೆಯಂತಾಗಿದೆ," ಎಂದರು ಮೇಷ್ಟ್ರು. "ಬಂದರೆ ಖರ್ಚು, ಬಾರದಿದ್ದರೆ ಅವಮಾನ."

ಕಾನೂನು ಬಲ್ಲ ವಾಸು ಸಂಧಾನಕ್ಕೆ ಹೊರಟ. "ನೋಟಿಸನ್ನು ಮರೆತುಬಿಡಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 90ನೆಯ ಕಲಮು ಮತ್ತು 36ನೆಯ ಆದೇಶದ ಪ್ರಕಾರ, ನೀವಿಬ್ಬರೂ ಕೂಡಿ ನಿಮ್ಮ ತಕರಾರಿನ ಪ್ರಶ್ನೆಯನ್ನು ಲಿಖಿತ ಒಪ್ಪಂದವಾಗಿ ಬರೆದು, ವಾಸ್ತವಾಂಶಗಳನ್ನು ಸಂಖ್ಯೆ ಹಾಕಿದ ಕಂಡಿಕೆಗಳಲ್ಲಿ ಚುಟುಕಾಗಿ ನಿರೂಪಿಸಿ, ಉತ್ತರ ಹೀಗೆ ಬಂದರೆ ಯಾರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನೂ ಸೇರಿಸಿ, ನ್ಯಾಯಾಲಯದ ಅಭಿಪ್ರಾಯ ಕೇಳಬಹುದು."

"ಅಂದರೆ ಜಗಳವಾಡುವವರು ಮೊದಲು ತಮ್ಮ ಜಗಳ ಯಾವುದೆಂದು ಒಮ್ಮತಕ್ಕೆ ಬರಬೇಕು," ಎಂದರು ಮೇಷ್ಟ್ರು. "ಅಷ್ಟು ಒಮ್ಮತವಿರುವವರು ನ್ಯಾಯಾಧೀಶರಿಗೇಕೆ ತೊಂದರೆ ಕೊಡುತ್ತಾರೆ?"

ಆದರೂ ಕಾಗದ ಬಂತು. ರಾಯರ ಮಾಡಿನ ನೀರು ತಗಡಿನ ದಂಬೆಯ ಮೂಲಕ ಶೀನಣ್ಣನ ಹಿತ್ತಿಲಿಗೆ ಬೀಳುತ್ತದೆ ಎಂಬ ಮೊದಲನೆಯ ಕಂಡಿಕೆಗೆ ಇಬ್ಬರೂ ತಲೆಯಾಡಿಸಿದರು. ಅರ್ಜಿಯನ್ನು ದಾವೆಯೆಂದೇ ನೋಂದಾಯಿಸುವುದರಿಂದ ಒಬ್ಬರು ವಾದಿ, ಇನ್ನೊಬ್ಬರು ಪ್ರತಿವಾದಿ ಆಗಲೇಬೇಕು ಎಂದಾಗ ಇಬ್ಬರೂ ವಾದಿಯ ಜಾಗಕ್ಕೇ ಬೆರಳಿಟ್ಟರು. ಅದನ್ನು ಖಾಲಿ ಬಿಡಲಾಯಿತು.

ವಾಸು ಎರಡನೆಯದನ್ನು ಓದಿದ: "ಪರರ ಜಾಗವನ್ನು ಬಳಸುವ ಹಕ್ಕನ್ನು ಹೇಳುವ 1882ರ ಈಸ್‌ಮೆಂಟ್ ಕಾಯಿದೆಯ 15ನೆಯ ಕಲಮಿನಂತೆ ರಾಯರಿಗೆ ಹಕ್ಕು ಹುಟ್ಟುವ ಹಾಗೆ ಈ ನೀರು 20 ವರ್ಷಗಳ ಕಾಲ ಶಾಂತವಾಗಿ, ಬಹಿರಂಗವಾಗಿ, ಹಕ್ಕಿನಿಂದ, ಅಡೆತಡೆಯಿಲ್ಲದೆ ಹರಿದಿದೆಯೇ?"

"ಶಾಂತವಾಗಿಯೇ? ಪ್ರತಿ ಮಳೆಗಾಲದಲ್ಲೂ ಕೂಗಾಡಿದ್ದೇನೆ!" ಎಂದ ಶೀನಣ್ಣ.

"ಕೂಗಿದ್ದಕ್ಕೆ ನೀರು ನಿಂತಿತೇ? ಕಾಯಿದೆಯ ದೃಷ್ಟಿಯಲ್ಲಿ ಅಡೆತಡೆಯೆಂದರೆ ಹರಿವು ನಿಜವಾಗಿಯೂ ನಿಂತಿರಬೇಕು," ಎಂದ ವಾಸು.

"ಇಷ್ಟು ವರ್ಷಗಳ ಕೂಗಾಟವೆಲ್ಲ ಕಾನೂನಿನಲ್ಲಿ ಶಾಂತಿಯೆಂದಾದರೆ," ಎಂದರು ಮೇಷ್ಟ್ರು, "ನಮ್ಮ ಗೆಳೆತನವೂ ಊರ್ಜಿತವೇ ಆಯಿತು."

ದಂಬೆ ಕಟ್ಟಿದ್ದು ಯಾವಾಗ ಎಂಬ ಪ್ರಶ್ನೆಗೆ ರಾಯರು ಕನ್ನಡಕ ತೆಗೆದು ಒರೆಸತೊಡಗಿದರು. "ಶೀನಣ್ಣನ ತಂದೆ ತೀರಿಕೊಳ್ಳುವ ಹಿಂದಿನ ವರ್ಷ. ಏಣಿ ಅವರದು, ಹಿಡಿದು ನಿಂತವರೂ ಅವರೇ. 'ನೀರು ನಮ್ಮ ಬಾಳೆಯ ಬುಡಕ್ಕೇ ಬೀಳಲಿ ಬಿಡಿ ರಾಯರೇ' ಎಂದಿದ್ದರು."

ವಾಸು ಪೆನ್ನನ್ನು ಕೆಳಗಿಟ್ಟ. "ಅದನ್ನು ಬರೆದರೆ ನೀವು ಸೋತಂತೆಯೇ. ಅನುಮತಿ ಪಡೆದು ಹರಿಸಿದ ನೀರಿಗೆ ಎಷ್ಟು ವರ್ಷವಾದರೂ ಹಕ್ಕು ಹುಟ್ಟುವುದಿಲ್ಲ. ಒಪ್ಪಂದದಲ್ಲಿ ಬರೆದ ಮಾತಿಗೆ ಆಮೇಲೆ ನೀವು ಬದ್ಧರು. ಹೊಡೆದುಹಾಕುತ್ತೇನೆ."

"ಹೊಡೆಯಬೇಡಿ. ಅವರು ಹೇಳಿದ್ದು ನಿಜ."

"ಅಪ್ಪ ಹಾಗೆಂದಿದ್ದರೇ?" ಎಂದ ಶೀನಣ್ಣನ ದನಿ ತಗ್ಗಿತು. ಬಾಳೆಯಿದ್ದ ಜಾಗದಲ್ಲಿ ಅವನು ಈಗ ಕಾರು ನಿಲ್ಲಿಸುತ್ತಾನೆ. "ಅವರು ಕೊಟ್ಟ ಮಾತನ್ನೇ ಸಾಕ್ಷಿಯಾಗಿಟ್ಟು ನಾನು ಗೆಲ್ಲುವುದೇ? ಆ ಕಂಡಿಕೆ ನನಗೆ ಬೇಡ."

"ಇರಲೇಬೇಕು," ಎಂದರು ರಾಯರು.

"ಕೂಡದು!"

ಮೇಷ್ಟ್ರು ನಿಟ್ಟುಸಿರಿಟ್ಟರು. "ಗೆಲ್ಲಲು ಜಗಳವಾಡುವವರನ್ನು ಕಂಡಿದ್ದೆ. ಸೋಲುವ ಹಕ್ಕಿಗೂ ಪೈಪೋಟಿಯೆಂದು ಈಗ ತಿಳಿಯಿತು. ಇದಕ್ಕೆ ಎಷ್ಟು ಕೋರ್ಟ್ ಶುಲ್ಕ ವಾಸು?"

"ಶುಲ್ಕ ಹಾಗಿರಲಿ. ಈ ಪ್ರಶ್ನೆಯಲ್ಲಿ ನಿಮಗೆ ಪ್ರಾಮಾಣಿಕವಾದ ಹಿತಾಸಕ್ತಿಯಿದೆ, ಇದು ತೀರ್ಮಾನಕ್ಕೆ ಯೋಗ್ಯವಾಗಿದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಮನವರಿಕೆಯಾದರೆ ತೀರ್ಪು, ಅದರ ಹಿಂದೆಯೇ ಡಿಕ್ರಿ, ಅಂದರೆ ತೀರ್ಪಿನಂತೆ ಹೊರಡುವ ವಿಧಿವತ್ತಾದ ಆದೇಶ. 1976ರ ತಿದ್ದುಪಡಿಯ ನಂತರ ಅದರ ಮೇಲೆ ಮೇಲ್ಮನವಿಯೂ ಇಲ್ಲ."

"ಮೇಲ್ಮನವಿ ಇಲ್ಲವೇ?" ಇಬ್ಬರೂ ಒಟ್ಟಿಗೇ ಕೇಳಿದರು. "ಹಾಗಿದ್ದರೆ ಈ ಒಪ್ಪಂದವೇ ಬೇಡ!"

"ಬರೆದುಕೋ ವಾಸು," ಎಂದರು ಮೇಷ್ಟ್ರು. "ಕಂಡಿಕೆ ಮೂರು: ಉಭಯ ಪಕ್ಷಗಳ ಪೂರ್ಣ ಸಮ್ಮತಿಯಿದೆ."