ಫ್ಯಾಮಿಲಿ ಲಾ ಮೇಡಂ ಅವರನ್ನು ಕೇಳಿ: ಪ್ರೊಫೆಸರ್ ಆದರೆ ಕೋರ್ಟಿಗೆ ಹೋಗಬಹುದಾ?

ಪ್ರಶ್ನೆ: ಮೇಡಂ, ದಾವಣಗೆರೆಯಲ್ಲಿ ಎಲ್‌ಎಲ್‌ಬಿ ಕೊನೇ ವರ್ಷ ಓದುತ್ತಿದ್ದೇನೆ. ಫ್ಯಾಮಿಲಿ ಲಾ ಪಾಠ ಮಾಡಬೇಕು, ಮನೆಯಲ್ಲಿ ಏಟು ತಿನ್ನುವ ಹೆಣ್ಣುಮಕ್ಕಳ ಪರ ವಾದವನ್ನೂ ಮಾಡಬೇಕು ಅಂತ ಆಸೆ. ಎರಡೂ ಆಗುತ್ತಾ?

ಉತ್ತರ: ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದರೆ ವಕೀಲಿಕೆ ಮಾಡುವ ಹಾಗಿಲ್ಲಮ್ಮ. ವಕೀಲಿಕೆ ಉಳಿಸಿಕೊಂಡು ಪಾಠ ಮಾಡಬಹುದು, ಆದರೆ ದಿನಕ್ಕೆ 3 ಗಂಟೆ ಮೀರಬಾರದು. 1979ರ ನಿಯಮ ಹಾಗಿದೆ. ನಾನೂ ಕರಿ ಕೋಟು ಬಿಚ್ಚಿಟ್ಟೇ ಕ್ಲಾಸಿಗೆ ಬಂದವಳು. ಪಾಠ ಮಾಡಲು ಬೇಕಾದ ಎಲ್‌ಎಲ್‌ಎಂ, ನೆಟ್ ಪರೀಕ್ಷೆ ಬಗ್ಗೆ ನಿಮ್ಮ ಕಾಲೇಜಿನಲ್ಲೇ ಹೇಳುತ್ತಾರೆ, ಬಿಡಿ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಕಾಲೇಜಿನ ಕಾನೂನು ನೆರವು ಕೇಂದ್ರದಲ್ಲಿ ಕೆಲಸ ಬೇಕಾದಷ್ಟಿದೆ. ವಿದ್ಯಾರ್ಥಿಗಳು ಅರ್ಜಿ ಬರೆಯುವಾಗ ಮೊದಲ ಸಾಲೇ 'ಮಾನಸಿಕ ಹಾಗೂ ದೈಹಿಕ ಹಿಂಸೆ ನೀಡಿರುತ್ತಾರೆ' ಅಂತಿರುತ್ತದೆ. ನಾನು ಅದನ್ನು ಹೊಡೆದುಹಾಕುತ್ತೇನೆ. ಯಾವುದರಿಂದ ಹೊಡೆದ? ಬಾಗಿಲು ಹಾಕಿತ್ತಾ? ಕೂಗು ಕೇಳಿ ಯಾರು ಬಂದರು? ಅದನ್ನು ಬರೆಯಿರಿ ಅನ್ನುತ್ತೇನೆ.

ತಾರೀಖು ಕೇಳಿದರೆ ಎಷ್ಟೋ ಜನಕ್ಕೆ ನೆನಪಿರುವುದಿಲ್ಲ. 'ಗೌರಿ ಹಬ್ಬ ಆಗಿ ಎರಡು ದಿನ, ಮಗೂಗೆ ಜ್ವರ ಇತ್ತು' ಅನ್ನುತ್ತಾರೆ. ಸರಿ, ಆಸ್ಪತ್ರೆ ಚೀಟಿ ಇದೆಯಾ? ಇದ್ದರೆ ತಾರೀಖು ಸಿಕ್ಕಿತು. ಈ ಕೆಲಸ ಯಾವ ಸೆಮಿಸ್ಟರ್ ಪರೀಕ್ಷೆಯಲ್ಲೂ ಇಲ್ಲ. ಆದರೆ ಎದುರು ಕಡೆ ವಕೀಲರು ಪಾಟೀಸವಾಲಿಗೆ ನಿಂತಾಗ ಆಕೆಯನ್ನು ಕಾಯುವುದು ಇದೇ.

ಇನ್ನೊಬ್ಬರ ಪ್ರಶ್ನೆ: ನನ್ನ ಅಕ್ಕನನ್ನು ಗಂಡನ ಮನೆಯವರು ಆಚೆ ಹಾಕಿದ್ದಾರೆ. ಮನೆ ಅತ್ತೆ ಹೆಸರಲ್ಲಿದೆ, ನಿನಗೇನೂ ಹಕ್ಕಿಲ್ಲ ಅಂತಾರೆ. ಈಗ ತವರಲ್ಲಿದ್ದಾಳೆ.

ಉತ್ತರ: ಮನೆ ಅತ್ತೆಯ ಹೆಸರಲ್ಲಿದ್ದರೆ ಸೊಸೆಗೆ ವಾಸದ ಹಕ್ಕಿಲ್ಲ ಅನ್ನುವುದು ಹಳೇ ಮಾತು. ಹಾಗೆ ಹೇಳಿದ್ದ ಬಾತ್ರಾ ಪ್ರಕರಣದ ತನ್ನದೇ ತೀರ್ಪನ್ನು ಸುಪ್ರೀಂ ಕೋರ್ಟೇ 2020ರ ಅಕ್ಟೋಬರ್‌ನಲ್ಲಿ, ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ತಳ್ಳಿಹಾಕಿತು. ಆಕೆ ಸಂಸಾರ ಮಾಡಿದ ಮನೆ ಅದು, ಪತ್ರ ಯಾರ ಹೆಸರಲ್ಲಿದ್ದರೂ ವಾಸದ ಹಕ್ಕು ಕೇಳಬಹುದು. ಒಡೆತನ ಬರುವುದಿಲ್ಲ, ಅದು ಬೇರೆ. ವಯಸ್ಸಾದ ಅತ್ತೆಮಾವನ ನೆಮ್ಮದಿಯನ್ನೂ ಕೋರ್ಟು ನೋಡುತ್ತದೆ. ಅದೇ ಮನೆ ಬೇಡ ಅನಿಸಿದರೆ, ಅಂಥದ್ದೇ ಬೇರೆ ಮನೆಯನ್ನೋ ಬಾಡಿಗೆಯನ್ನೋ ಗಂಡ ಕೊಡಲಿ ಅಂತ ಆದೇಶಿಸಬಹುದು.

ಅಕ್ಕ ತವರಲ್ಲಿದ್ದರೆ ಅಲ್ಲಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೇ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಅರ್ಜಿ ಹಾಕಬಹುದು. ಅವಳ ಪರವಾಗಿ ನೀವೂ ಹಾಕಬಹುದು. ಇದಕ್ಕೆ ನೆರವಾಗುವ ಸಂರಕ್ಷಣಾಧಿಕಾರಿ ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ತಾಲ್ಲೂಕಿನ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಇವತ್ತು ರಾತ್ರಿಯೇ ಅಪಾಯ ಅನಿಸಿದರೆ 112 ಅಥವಾ 181ಕ್ಕೆ ಫೋನ್ ಮಾಡಿ.

60 ದಿನದಲ್ಲಿ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಕೂರಬೇಡಿ. ಅರ್ಜಿ ಜೊತೆಗೇ, ತೀರ್ಪು ಬರುವವರೆಗಿನ ಮಧ್ಯಂತರ ಆದೇಶ ಕೇಳಿ.

ಮತ್ತೊಬ್ಬರು: ಮೇಡಂ, ಎಲ್ಲಾ ಸೊಸೆಯರ ಪರ ಆಯ್ತು. ನಮ್ಮಮ್ಮನಿಗೇ ಅತ್ತಿಗೆ ಕೈ ಮಾಡಿದರೆ?

ಉತ್ತರ: ನಿಮ್ಮಮ್ಮನೂ ಹೆಂಗಸೇ ಅಲ್ವಾ! ಒಂದೇ ಮನೆಯಲ್ಲಿ ಬಾಳಿದ್ದರೆ ಅವರೂ ಇದೇ ಕಾಯ್ದೆಯಡಿ ಅರ್ಜಿ ಹಾಕಬಹುದು. ಮೊದಲು ಎದುರುದಾರರು 'ವಯಸ್ಕ ಪುರುಷ' ಆಗಿರಬೇಕು ಅಂತಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಆ ಎರಡು ಪದ ತೆಗೆದುಹಾಕಿತು.

ಮೊದಲಿನವರು: ಮೇಡಂ, ವಾಟ್ಸಾಪ್ ಮೆಸೇಜು ಸಾಕ್ಷಿ ಆಗುತ್ತಾ? ಕ್ಲಾಸಲ್ಲಿ ಗೊಂದಲ ಆಯಿತು.

ಉತ್ತರ: ಆಗುತ್ತದೆ. ಸ್ಕ್ರೀನ್‌ಶಾಟ್ ಪ್ರಿಂಟ್ ಜೊತೆ ಪ್ರಮಾಣಪತ್ರ ಬೇಕು. ಮೊದಲು ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಅನ್ನುತ್ತಿದ್ದೆವು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63. ಫೋನ್ ಬದಲಾಯಿಸುವಾಗ ಚಾಟ್ ಅಳಿಸಬೇಡಿ ಅಂತ ಬಂದವರಿಗೆಲ್ಲ ಮೊದಲ ದಿನವೇ ಹೇಳಿ.