ಸಹಾಯ ಬೇಕು: ಬಾಸ್ಸೆಯ ಅಪೊಲೊ ಗುಡಿ, ಪೂರ್ವದ ಬಾಗಿಲು, ಸೂರ್ಯೋದಯದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗಾಗಿ ಪ್ರಾಚೀನ ಗ್ರೀಕ್ ಗುಡಿಗಳ ದಿಕ್ಕಿನ ಬಗ್ಗೆ ಒಂದು ಪಾಠ ತಯಾರಿಸುತ್ತಿದ್ದೇನೆ. ಒಂದು ಕಡೆ ಕೈಕಟ್ಟಿದ ಹಾಗಾಗಿದೆ.

ಅಲ್ಲಿನ ಬಹುಪಾಲು ಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ, ಅಥೆನ್ಸಿನ ಪಾರ್ಥೆನಾನ್ ಕೂಡ. ಆದರೆ ದಕ್ಷಿಣ ಗ್ರೀಸಿನ ಪೆಲೊಪೊನೀಸ್‌ ಪ್ರದೇಶದ ಬೆಟ್ಟದಲ್ಲಿ, ಸುಮಾರು 1,130 ಮೀಟರ್ ಎತ್ತರದಲ್ಲಿರುವ ಬಾಸ್ಸೆಯ ಅಪೊಲೊ ಗುಡಿ ಉತ್ತರಾಭಿಮುಖಿ. ಒಳಗುಡಿಯ ದಕ್ಷಿಣದ ತುದಿಯಲ್ಲಿ ಮಾತ್ರ ಪೂರ್ವದ ಗೋಡೆಗೆ ಒಂದು ಬಾಗಿಲಿದೆ. ಬೆಳಗಿನ ಬಿಸಿಲು ಅದರಿಂದ ಒಳಗೆ ಬರಲೆಂದೇ ಹೀಗೆ ಕಟ್ಟಿದರು ಎಂಬ ವಾದವಿದೆ. ನನಗೂ ಅದು ತುಂಬ ಹಿಡಿಸಿದೆ, ಅದಕ್ಕೇ ಲೆಕ್ಕ ಹಾಕದೆ ಮಕ್ಕಳಿಗೆ ಹೇಳಲು ಮನಸ್ಸಿಲ್ಲ.

ತೊಡಕು ಬೆಟ್ಟಗಳದ್ದು. ಆ ಅಕ್ಷಾಂಶದಲ್ಲಿ ಎದುರಿನ ಬೆಟ್ಟ ದಿಗಂತದಿಂದ 5 ಡಿಗ್ರಿ ಎದ್ದಿದ್ದರೆ, ವಿಷುವದ (ಹಗಲು-ರಾತ್ರಿ ಸಮವಾಗಿರುವ ದಿನದ) ಸೂರ್ಯ ನೇರ ಪೂರ್ವದಿಂದ ಸುಮಾರು 4 ಡಿಗ್ರಿ ದಕ್ಷಿಣಕ್ಕೆ ಸರಿದು ಕಾಣಿಸಿಕೊಳ್ಳುತ್ತಾನೆ. ಆಕಾಶವನ್ನು ತೋರಿಸುವ ಸ್ಟೆಲೇರಿಯಂ ಸಾಫ್ಟ್‌ವೇರ್‌ನಲ್ಲಿ ಗುಡಿ ಕಟ್ಟಿದ ಕಾಲದ ಆಸುಪಾಸಿನ ಕ್ರಿ.ಪೂ. 420 ಬೇಕೆಂದರೆ -419 ಎಂದು ಕೊಡಬೇಕು (ಅದು ಸೊನ್ನೆ ವರ್ಷವನ್ನೂ ಎಣಿಸುತ್ತದೆ), ಅಷ್ಟು ಗೊತ್ತಾಯಿತು. ಆದರೆ ಬೆಟ್ಟಸಾಲಿನ ನಿಜವಾದ ಅಂಚನ್ನು ಅದರೊಳಗೆ ಕೂರಿಸುವುದು ಹೇಗೆ? ಭೂಪಟದ ಎತ್ತರದ ಅಂಕಿಗಳಿಂದ ಅದನ್ನು ತಯಾರಿಸಿದವರು ಯಾರಾದರೂ ಇದ್ದೀರಾ?

ಗ್ರೀಸಿನಲ್ಲಿರುವ ಕನ್ನಡಿಗರಿದ್ದರೆ ಇನ್ನೊಂದು ವಿನಂತಿ. ಗುಡಿ 1987ರಿಂದ ರಕ್ಷಣೆಗೆಂದು ಹಾಕಿದ ದೊಡ್ಡ ಡೇರೆಯೊಳಗಿದೆ. ಹಾಗಾಗಿ ಡೇರೆಯ ಹೊರಗೆ ನಿಂತು ಪೂರ್ವ ದಿಗಂತದ ಫೋಟೊ ತೆಗೆದು, ನಿಂತ ಜಾಗದ ಜಿಪಿಎಸ್ ಸಮೇತ ಹಾಕಿದರೆ ದೊಡ್ಡ ಉಪಕಾರ. ಮೊಬೈಲ್ ದಿಕ್ಸೂಚಿಯ ಅಳತೆ ಕೊಡುವುದಾದರೆ, ಅದು ಕಾಂತೀಯ ಉತ್ತರವೋ ನಿಜ ಉತ್ತರವೋ ಎಂದೂ ದಯವಿಟ್ಟು ತಿಳಿಸಿ.